ಪ್ರವೇಶ ಪರೀಕ್ಷೆಯ ಅಂಕವೂ ವಿದ್ಯಾರ್ಥಿವೇತನವೇ: ಎಂಟನೇ ತರಗತಿಯಿಂದ ಸಿಇಟಿವರೆಗೆ



ವರದಿಯ ಹಿಂದಿನ ಪುಟಗಳಲ್ಲಿ ಟ್ರಸ್ಟಿನ ಲೆಕ್ಕಪತ್ರ ಇದೆ. ಮುಂದಿನ ಪುಟದಲ್ಲಿ ವಿದ್ಯಾರ್ಥಿವೇತನದ ಅರ್ಜಿ ನಮೂನೆ ಇದೆ. ಅರ್ಜಿ ತುಂಬುವ ಮೊದಲು ಈ ಪಾಠವನ್ನು ಮನೆಯವರೆಲ್ಲ ಕುಳಿತು ಒಮ್ಮೆ ಓದಬೇಕೆಂದು ಕೋರುತ್ತೇವೆ.

ಕಾಲೇಜು ಶುರುವಾಗುವ ದಿನಗಳಲ್ಲಿ ನಮ್ಮ ಬೈಯಪ್ಪನಹಳ್ಳಿಯಿಂದ, ಹಲಸೂರು, ಶಿವಾಜಿನಗರ, ಕೆ.ಆರ್. ಪುರದ ಕಡೆಯಿಂದ ಪೋಷಕರು ಕಚೇರಿಗೆ ಬರುತ್ತಾರೆ. "ಮಾಸ್ಟರ್ ಸಾಬ್, ಹುಡುಗಿಗೆ ಸೀಟು ಸಿಕ್ಕಿದೆ, ಫೀಸಿಗೆ ಏನಾದರೂ ದಾರಿ ಮಾಡಿ" ಎನ್ನುತ್ತಾರೆ. ಕೈಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿನ ರಸೀದಿ ಇರುತ್ತದೆ. ತಾಯಿಯ ಬಳೆ ಆಗಲೇ ಅಡವಿಗೆ ಹೋಗಿರುತ್ತದೆ. ಸಿಇಟಿ ಬರೆದಿದ್ದಾಳೆಯೇ ಎಂದು ಕೇಳಿದರೆ, "ಬರೆದಳು, ಆದರೆ ಜಾತಿ ಪ್ರಮಾಣಪತ್ರ ಸಮಯಕ್ಕೆ ಬರಲಿಲ್ಲ" ಎಂದೋ, "ಆಪ್ಶನ್ ಹಾಕುವ ದಿನ ಮುಗಿದುಹೋಯಿತು" ಎಂದೋ ಉತ್ತರ ಬರುತ್ತದೆ. ಆ ಹೊತ್ತಿಗೆ ನಾವು ಕೊಡುವ ಚೆಕ್ಕು ಪುಸ್ತಕಕ್ಕೂ ಬಸ್ಸಿಗೂ ಆದೀತು. ನಾಲ್ಕು ವರ್ಷದ ಸಾಲವನ್ನು ಅದು ಇಳಿಸಲಾರದು.

ಆದ್ದರಿಂದ ಈ ಪಾಠದಲ್ಲಿ ನಾವು ಹೇಳಬೇಕಾದದ್ದು ಒಂದೇ ಮಾತು. ನಮ್ಮ ರಾಜ್ಯದಲ್ಲಿ ಬಡ ಮನೆಯ ಮಗುವಿಗೆ ಸಿಗಬಹುದಾದ ಅತಿ ದೊಡ್ಡ ವಿದ್ಯಾರ್ಥಿವೇತನ ಯಾವ ಟ್ರಸ್ಟಿನದೂ ಅಲ್ಲ. ಪ್ರವೇಶ ಪರೀಕ್ಷೆಯ ರ‍್ಯಾಂಕಿನಿಂದ ಬರುವ ಸರ್ಕಾರಿ ಶುಲ್ಕದ ಸೀಟು. ಅದಕ್ಕೆ ಬೇಕಾದದ್ದು ಅಂಕ ಮತ್ತು ಕಾಗದ, ಎರಡೂ ಸಮಯಕ್ಕೆ ಸರಿಯಾಗಿ. ಆ ದಾರಿ ಎಂಟನೇ ತರಗತಿಯಲ್ಲೇ ಶುರುವಾಗುತ್ತದೆ.

ಅಂಕಕ್ಕೂ ಹಣಕ್ಕೂ ನಂಟು ಹೇಗೆ ಬಂತು

ಹಿಂದೆ ಖಾಸಗಿ ಕಾಲೇಜುಗಳಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಬೇಕಾದರೆ ಕ್ಯಾಪಿಟೇಶನ್ ಕೊಡಬೇಕಿತ್ತು. ಇದನ್ನು ತಡೆಯಲು ಕರ್ನಾಟಕ ಸರ್ಕಾರ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಅದರ ಅಡಿಯಲ್ಲಿ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಗೊತ್ತಾಯಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಆ ಹಣ ಕಟ್ಟಲಾಗದೆ ಸೀಟು ತಪ್ಪಿತು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ಆ ತೀರ್ಪು ಮತ್ತು 1993ರ ಉನ್ನಿಕೃಷ್ಣನ್ ತೀರ್ಪು ದೇಶದಲ್ಲಿ ವೃತ್ತಿಶಿಕ್ಷಣದ ಪ್ರವೇಶವನ್ನೇ ಬದಲಿಸಿದವು. ಸೀಟಿನ ಒಂದು ಪಾಲು ಕಡಿಮೆ ಶುಲ್ಕದ್ದು, ಇನ್ನೊಂದು ಪಾಲು ಹೆಚ್ಚು ಶುಲ್ಕದ್ದು, ಎರಡನ್ನೂ ಅರ್ಹತೆಯ ಮೇಲೆ ತುಂಬಬೇಕು ಎಂಬ ವ್ಯವಸ್ಥೆ ಬಂತು. 2002ರ ಟಿ.ಎಂ.ಎ. ಪೈ ತೀರ್ಪಿನ ನಂತರ ಅದು ಮತ್ತೆ ಬದಲಾಯಿತಾದರೂ, ಒಂದೇ ಕಾಲೇಜು, ಒಂದೇ ಬೆಂಚು, ಬೇರೆ ಬೇರೆ ಶುಲ್ಕ ಎಂಬುದು ಇಂದಿಗೂ ಉಳಿದಿದೆ.

2,000 ಮತ್ತು 25,000, ಈ ಎರಡು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಪಾಠ ಅದೇ, ಅಧ್ಯಾಪಕರು ಅವರೇ, ಡಿಗ್ರಿ ಅದೇ. ವರ್ಷಕ್ಕೆ 23,000 ರೂಪಾಯಿ ಅಂತರವನ್ನು ತೀರಿಸಿದ್ದು ಯಾವ ಬಗೆಯ ಸೀಟು ಎಂಬುದು. ಇಂದಿನ ಶುಲ್ಕಗಳು ಬೇರೆ, ಆದರೆ ಕಡಿಮೆ ಶುಲ್ಕದ ಸೀಟನ್ನು ಕೊಡಿಸುವುದು ರ‍್ಯಾಂಕೇ. ಅಮೆರಿಕದಲ್ಲಿ ಎಸ್‌ಎಟಿ ಪರೀಕ್ಷೆಯ 1600ಕ್ಕೆ ಬಂದ ಅಂಕ ನೋಡಿ ಕೆಲವು ವಿಶ್ವವಿದ್ಯಾಲಯಗಳು ಶುಲ್ಕ ಇಳಿಸುತ್ತವೆ ಎಂದು ಹೊರದೇಶದ ನೆಂಟರು ಹೇಳಿರಬಹುದು. ನಮ್ಮ ಮಕ್ಕಳಿಗೆ ಹತ್ತಿರದ ದಾರಿ ಸಿಇಟಿ.

ಮೊದಲ ಮೆಟ್ಟಿಲು: ಎಂಟನೇ ತರಗತಿ

ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ಪರೀಕ್ಷೆ ಎಂಟನೇ ತರಗತಿಯ ಮಕ್ಕಳಿಗಿದೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳು ಮಾತ್ರ ಬರೆಯಬಹುದು. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು. ಅರ್ಜಿ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಹೋಗುತ್ತದೆ.

ದೇಶದಲ್ಲಿ ಪ್ರತಿ ವರ್ಷ ಒಂದು ಲಕ್ಷ ಮಕ್ಕಳಿಗೆ ಈ ವೇತನವಿದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ, ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಪಿಯುಸಿಯಲ್ಲಿ ಅದು ಮುಂದುವರಿಯಲು ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 60 ಬೇಕು. ಆಟೊ ಓಡಿಸುವ ತಂದೆ, ಮನೆಯಲ್ಲಿ ಹೊಲಿಗೆ ಹಾಕುವ ತಾಯಿ ಇರುವ ಮನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಎಂದರೆ, "ಎಸ್‌ಎಸ್‌ಎಲ್‌ಸಿ ಆಯಿತು, ಇನ್ನು ಅಂಗಡಿಗೆ ಕಳಿಸೋಣ" ಎಂಬ ಮಾತು ನಿಲ್ಲುವಷ್ಟು ಹಣ.

ಪ್ರಶ್ನೆಪತ್ರಿಕೆ ಎರಡು. ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಶಾಲೆಯ ವಿಜ್ಞಾನ, ಸಮಾಜ, ಗಣಿತದ್ದು. ಪ್ರತಿಯೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಅಂದರೆ ಪ್ರಶ್ನೆಗೆ ಒಂದು ನಿಮಿಷ. ಮಾನಸಿಕ ಸಾಮರ್ಥ್ಯದ ಪ್ರಶ್ನೆ ಪಠ್ಯಪುಸ್ತಕದಲ್ಲಿ ಇರುವುದಿಲ್ಲವಾದ್ದರಿಂದ ಮಕ್ಕಳು ಹೆದರುತ್ತಾರೆ. ಒಂದು ಮಾದರಿ ನೋಡಿ:

3, 6, 11, 18, 27, ?

ಒಂದೊಂದರ ನಡುವಿನ ಅಂತರ ಬರೆಯಿರಿ: 3, 5, 7, 9. ಮುಂದಿನ ಅಂತರ 11. ಆದ್ದರಿಂದ ಉತ್ತರ 38. ಸರಣಿ ಕಂಡ ಕೂಡಲೇ ಅಂತರ ಬರೆಯುವ ಅಭ್ಯಾಸ ಬಂದರೆ ಇಂತಹ ಲೆಕ್ಕಕ್ಕೆ ಅರ್ಧ ನಿಮಿಷ ಸಾಕು. ಇದಕ್ಕೆ ದುಬಾರಿ ಕೋಚಿಂಗ್ ಬೇಡ. ಹಳೆಯ ಪ್ರಶ್ನೆಪತ್ರಿಕೆ, ಒಂದು ಗಡಿಯಾರ, ದಿನಕ್ಕೆ ಮುಕ್ಕಾಲು ಗಂಟೆ ಸಾಕು.

ಎರಡನೇ ಮೆಟ್ಟಿಲು: ಸಿಇಟಿ ಲೆಕ್ಕ

ಸಿಇಟಿಯನ್ನು ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಎಂಜಿನಿಯರಿಂಗ್ ಮಾತ್ರವಲ್ಲ, ಕೃಷಿ, ಪಶುವೈದ್ಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್ ಪ್ರವೇಶವೂ ಇದರ ಮೂಲಕವೇ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಒಂದೊಂದಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಪ್ರಶ್ನೆಗೆ ಸರಿಯಾಗಿ 80 ಸೆಕೆಂಡು.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿಯ ಅದೇ ಮೂರು ವಿಷಯಕ್ಕೆ ಅರ್ಧ ತೂಕ. ಇಲ್ಲಿ ಒಂದು ಲೆಕ್ಕವನ್ನು ಮನೆಯವರು ಗಮನಿಸಬೇಕು.

ಮೊದಲನೆಯ ವಿದ್ಯಾರ್ಥಿಗೆ ಪಿಯುಸಿಯಲ್ಲಿ 300ಕ್ಕೆ 270, ಅಂದರೆ ಶೇ. 90. ಸಿಇಟಿಯಲ್ಲಿ 180ಕ್ಕೆ 72, ಅಂದರೆ ಶೇ. 40. ಎರಡರ ಸರಾಸರಿ 65.

ಎರಡನೆಯ ವಿದ್ಯಾರ್ಥಿಗೆ ಪಿಯುಸಿಯಲ್ಲಿ 225, ಅಂದರೆ ಶೇ. 75. ಸಿಇಟಿಯಲ್ಲಿ 108, ಅಂದರೆ ಶೇ. 60. ಸರಾಸರಿ 67.5.

ಪಿಯುಸಿಯಲ್ಲಿ 45 ಅಂಕ ಹಿಂದಿದ್ದವನು ರ‍್ಯಾಂಕಿನಲ್ಲಿ ಮುಂದೆ ಬಂದ. ಕಾರಣ ಸರಳ. ಪಿಯುಸಿಯ ಅರ್ಧ ತೂಕ 300 ಅಂಕಗಳಿಗೆ ಹಂಚಿದೆ, ಸಿಇಟಿಯ ಅರ್ಧ ತೂಕ 180 ಅಂಕಗಳಿಗೆ ಹಂಚಿದೆ. ಆದ್ದರಿಂದ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸಿಇಟಿಗೆ ಉಳಿಯುವ ದಿನಗಳಲ್ಲಿ ಮಗುವನ್ನು ಮದುವೆ ಮನೆಗಳಿಗೆ ಕರೆದುಕೊಂಡು ಹೋಗಬೇಡಿ. ಆ ದಿನಗಳ ಬೆಲೆ ಈ ಲೆಕ್ಕದಲ್ಲಿದೆ. ಹಾಗೆಂದು ಪಿಯುಸಿಯನ್ನು ಕಡೆಗಣಿಸುವಂತೆಯೂ ಇಲ್ಲ, ಅರ್ಧ ತೂಕ ಅಲ್ಲೇ ಇದೆ.

ಖಾಲಿ ಬಿಡಬೇಕೇ, ಗುರುತು ಹಾಕಬೇಕೇ?

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 180ರಲ್ಲಿ 100 ಪ್ರಶ್ನೆ ಗೊತ್ತಿದ್ದು ಉಳಿದ 80 ಖಾಲಿ ಬಿಟ್ಟರೆ 100 ಅಂಕ. ಆ 80ಕ್ಕೂ ಗುರುತು ಹಾಕಿದರೆ, ನಾಲ್ಕು ಆಯ್ಕೆಯಲ್ಲಿ ಒಂದು ಸರಿ ಎಂಬ ಲೆಕ್ಕದಲ್ಲಿ, ಸರಾಸರಿ 20 ಅಂಕ ಸೇರುತ್ತದೆ. ಅದೃಷ್ಟ ಕೆಲವರಿಗೆ ಹೆಚ್ಚು ಕೊಟ್ಟೀತು, ಕೆಲವರಿಗೆ ಕಡಿಮೆ. ಕಳೆದುಕೊಳ್ಳುವುದಂತೂ ಏನೂ ಇಲ್ಲ. ಸಿಇಟಿಯಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡಬಾರದು.

ನೀಟ್‌ನಲ್ಲಿ ನಿಯಮ ಬೇರೆ. 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿಗೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಕಣ್ಣುಮುಚ್ಚಿ 20 ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ 5 ಸರಿ, 15 ತಪ್ಪು: 20ರಲ್ಲಿ 15 ಹೋಗಿ ಉಳಿಯುವುದು 5 ಅಂಕ. ದಿನ ಕೆಟ್ಟಿದ್ದರೆ ಅದೂ ಇಲ್ಲ. ಆದರೆ ಪ್ರತಿ ಪ್ರಶ್ನೆಯಲ್ಲೂ ಎರಡು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ, ಸರಾಸರಿ 10 ಸರಿ, 10 ತಪ್ಪು: 40ರಲ್ಲಿ 10 ಹೋಗಿ 30 ಅಂಕ. ಆದ್ದರಿಂದ ನೀಟ್ ಬರೆಯುವವರು ತಪ್ಪು ಆಯ್ಕೆಯನ್ನು ಮೊದಲು ಹೊಡೆದುಹಾಕುವುದನ್ನು ಕಲಿಯಬೇಕು. ಹೇಗೆಂದು ಒಂದು ಉದಾಹರಣೆ:

ಗಂಟೆಗೆ 36 ಕಿಲೋಮೀಟರ್ ವೇಗದ ಕಾರು ಒಂದೇ ಸಮನೆ ಬ್ರೇಕ್ ಹಿಡಿದು 5 ಸೆಕೆಂಡಿನಲ್ಲಿ ನಿಲ್ಲುತ್ತದೆ. ಬ್ರೇಕ್ ಹಿಡಿದ ಮೇಲೆ ಅದು ಚಲಿಸಿದ ದೂರ ಎಷ್ಟು? ಆಯ್ಕೆಗಳು: 25 ಮೀ., 50 ಮೀ., 90 ಮೀ., 180 ಮೀ.

ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಬ್ರೇಕ್ ಹಿಡಿಯದೇ ಇದ್ದಿದ್ದರೂ 5 ಸೆಕೆಂಡಿನಲ್ಲಿ ಕಾರು ಹೋಗುತ್ತಿದ್ದುದು 50 ಮೀಟರ್. ಬ್ರೇಕ್ ಹಿಡಿದ ಮೇಲೆ ಅದಕ್ಕಿಂತ ಕಡಿಮೆಯೇ ಹೋಗಬೇಕು. ಮೂರು ಆಯ್ಕೆ ಒಮ್ಮೆಗೇ ಬಿದ್ದುಹೋದವು. ಉಳಿದದ್ದು 25. ಸೂತ್ರ ಮರೆತಿದ್ದರೂ ಉತ್ತರ ಸಿಕ್ಕಿತು. ಇದು ಊಹೆ ಅಲ್ಲ, ವಿಚಾರ. ಮೂವತ್ತು ವರ್ಷ ತರಗತಿಯಲ್ಲಿ ನಾವು ಕಂಡದ್ದು ಇಷ್ಟೇ: ಲೆಕ್ಕ ಬಿಡಿಸುವ ಮುಂಚೆ "ಉತ್ತರ ಸುಮಾರು ಎಷ್ಟಿರಬೇಕು?" ಎಂದು ಕೇಳಿಕೊಳ್ಳುವ ಮಗು ಪರೀಕ್ಷೆಯಲ್ಲಿ ಎಡವುವುದು ಕಡಿಮೆ.

ಭಾಷೆಯ ಬಗ್ಗೆಯೂ ಹೇಳಬೇಕು. ನೀಟ್ ಮತ್ತು ಜೆಇಇ ಮೇನ್ ಎರಡೂ 13 ಭಾಷೆಗಳಲ್ಲಿ ನಡೆಯುತ್ತವೆ, ಅದರಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಮಗು ಯಾವ ಭಾಷೆಯಲ್ಲಿ ಪಿಯುಸಿ ವಿಜ್ಞಾನ ಓದಿದೆಯೋ ಅದರ ಪಾರಿಭಾಷಿಕ ಪದಗಳೇ ಅದಕ್ಕೆ ಸುಲಭ. ಅದನ್ನು ನೋಡಿ ಆರಿಸಿ.

ಕಾಗದಪತ್ರ: ಅರ್ಧ ರ‍್ಯಾಂಕು ಇಲ್ಲಿದೆ

ರ‍್ಯಾಂಕು ಬಂದರೂ ಪ್ರವರ್ಗ ಸಾಬೀತಾಗದಿದ್ದರೆ ಮಗುವನ್ನು ಸಾಮಾನ್ಯ ವರ್ಗದಲ್ಲಿ ಸೇರಿಸುತ್ತಾರೆ. ಮುಸ್ಲಿಮರಿಗೆ ನಮ್ಮ ರಾಜ್ಯದಲ್ಲಿ 2ಬಿ ಪ್ರವರ್ಗವಿದ್ದು, ಅದರ ಪ್ರಮಾಣ ಶೇ. 4. ಪಿಂಜಾರ, ನದಾಫ್ ಸಮುದಾಯದವರು ಪ್ರವರ್ಗ 1ಕ್ಕೆ ಸೇರಿದವರು. ಅವರು 2ಬಿ ಎಂದು ಬರೆಸಬಾರದು. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ನಮೂದಿಸಬೇಕು. ಒಂದನೇ ತರಗತಿಯಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ್ದೇವೆಂದು ಕೀಳರಿಮೆ ಪಡುವ ಮಕ್ಕಳು ಇದನ್ನು ನೆನಪಿಡಲಿ. ಅದಕ್ಕೆ ಶಾಲೆಯಿಂದ ಅಧ್ಯಯನ ಪ್ರಮಾಣಪತ್ರ ಬೇಕು.

ನಮ್ಮ ಮನೆಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಹೆಸರು. ಆಧಾರ್‌ನಲ್ಲಿ ಮೊಹಮ್ಮದ್ ಪೂರ್ತಿಯಾಗಿ, ಶಾಲೆಯ ದಾಖಲೆಯಲ್ಲಿ ಎಂ.ಡಿ., ಬ್ಯಾಂಕಿನಲ್ಲಿ ಇನ್ನೊಂದು ಬಗೆಯ ಕಾಗುಣಿತ. ಹೆಣ್ಣುಮಕ್ಕಳ ಹೆಸರಿನ ಮುಂದೆ ಒಂದು ಕಡೆ ಬೀಬಿ, ಒಂದು ಕಡೆ ಬಾನು, ಇನ್ನೊಂದು ಕಡೆ ಎರಡೂ ಇಲ್ಲ. ಮನುಷ್ಯರಿಗೆ ಇದು ಒಬ್ಬರೇ ಎಂದು ತಿಳಿಯುತ್ತದೆ, ಕಂಪ್ಯೂಟರಿಗೆ ತಿಳಿಯುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮುಂಚೆಯೇ ಎಲ್ಲ ಕಡೆ ಒಂದೇ ಹೆಸರು ಮಾಡಿಸಿ. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲಿದ್ದು ಆಧಾರ್ ಜೋಡಣೆ ಆಗಿರಲಿ, ಇಲ್ಲದಿದ್ದರೆ ಮಂಜೂರಾದ ವೇತನವೂ ಖಾತೆಗೆ ಬೀಳುವುದಿಲ್ಲ.

ಆಪ್ಶನ್ ಎಂಟ್ರಿ

ಫಲಿತಾಂಶದ ನಂತರ ಕಾಲೇಜುಗಳ ಪಟ್ಟಿಯನ್ನು ಆದ್ಯತೆಯ ಕ್ರಮದಲ್ಲಿ ತುಂಬಬೇಕು. ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ನೋಡುತ್ತಾ, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಆದ್ದರಿಂದ ಮನಸ್ಸಿಗೆ ಬೇಕಾದ ಕಾಲೇಜನ್ನು ಮೇಲೆ ಬರೆಯಿರಿ. "ಇದಾದರೂ ಸಿಗಲಿ" ಎಂದು ಕೆಳಗಿನದನ್ನು ಮೇಲೆ ಬರೆದರೆ ಅದೇ ಸಿಗುತ್ತದೆ, ಅದರ ಕೆಳಗೆ ಬರೆದ ಒಳ್ಳೆಯದು ಕೈತಪ್ಪುತ್ತದೆ. ಕಟ್ಟಲಾಗದ ಶುಲ್ಕದ ಸೀಟನ್ನು ಪಟ್ಟಿಯಲ್ಲಿ ಸೇರಿಸಲೇಬೇಡಿ. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಸೀಟುಗಳಿವೆ. ಪ್ರವೇಶ ಸಂಖ್ಯೆಯ ಮೇಲೆ ಶೇ. 5ರಷ್ಟು, ಬೋಧನಾ ಶುಲ್ಕ ಮಾಫಿ, ಕುಟುಂಬದ ಆದಾಯ ಎಂಟು ಲಕ್ಷದೊಳಗೆ ಇರಬೇಕು. ಇವೂ ರ‍್ಯಾಂಕಿನ ಮೇಲೆಯೇ ಹಂಚಿಕೆ.

ನೀಟ್ ಬರೆದವರು ಒಂದು ಮಾತು ಮರೆಯಬಾರದು. ಕರ್ನಾಟಕದ ಪಾಲಿನ ವೈದ್ಯಕೀಯ ಸೀಟನ್ನು ಹಂಚುವುದೂ ಪರೀಕ್ಷಾ ಪ್ರಾಧಿಕಾರವೇ. ನೀಟ್ ಅಂಕ ಎಷ್ಟೇ ಇರಲಿ, ಪ್ರಾಧಿಕಾರದಲ್ಲಿ ನೋಂದಾಯಿಸದವರಿಗೆ ಅಲ್ಲಿ ಸೀಟಿಲ್ಲ. ಕಚೇರಿಗೆ ಹೋಗುವ ಪ್ರಸಂಗ ಬಂದರೆ ಬೈಯಪ್ಪನಹಳ್ಳಿಯಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಹಸಿರು ಮಾರ್ಗಕ್ಕೆ ಬದಲಿಸಿ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ ಹತ್ತಿರ. ಹೆಣ್ಣುಮಕ್ಕಳೂ ಧೈರ್ಯವಾಗಿ ಹೋಗಿ ಬರಬಹುದು.

ಸೀಟಿನ ಹಿಂದೆ ಬರುವ ವೇತನಗಳು

ಸರ್ಕಾರದ ಪ್ರವೇಶ ಪ್ರಕ್ರಿಯೆಯ ಮೂಲಕ ಸೀಟು ಪಡೆದದ್ದೇ ಇನ್ನೂ ಕೆಲವು ಬಾಗಿಲು ತೆರೆಯುತ್ತದೆ.

ಪ್ರಗತಿ ವಿದ್ಯಾರ್ಥಿವೇತನ: ಎಐಸಿಟಿಇ ಮಾನ್ಯತೆಯ ತಾಂತ್ರಿಕ ಡಿಗ್ರಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಹೀಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ ಎಂಟು ಲಕ್ಷದೊಳಗೆ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗಬಹುದು. ನಾಲ್ಕು ವರ್ಷದ ಡಿಗ್ರಿಗೆ ಎರಡು ಲಕ್ಷ ರೂಪಾಯಿ. ಮ್ಯಾನೇಜ್‌ಮೆಂಟ್ ಸೀಟಿನವರಿಗೆ ಇದಿಲ್ಲ.

ಅರಿವು ಯೋಜನೆ: ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ಸಿಇಟಿ, ನೀಟ್ ಮೂಲಕ ಆಯ್ಕೆಯಾದ ವೃತ್ತಿಶಿಕ್ಷಣದ ವಿದ್ಯಾರ್ಥಿಗಳಿಗೆ ಕೊಡುವ ಸಾಲ. ಇದು ಸಾಲ, ಓದು ಮುಗಿದ ಮೇಲೆ ಕಂತಿನಲ್ಲಿ ತೀರಿಸಬೇಕಾದದ್ದು. ಷರತ್ತು ಓದಿ ಸಹಿ ಹಾಕಿ.

ಕೇಂದ್ರ ವಲಯದ ವಿದ್ಯಾರ್ಥಿವೇತನ: ಪ್ರವೇಶ ಪರೀಕ್ಷೆ ಬರೆಯದೆ ಬಿಎ, ಬಿಕಾಂ, ಬಿಎಸ್ಸಿಗೆ ಹೋಗುವವರಿಗೂ ಇದೆ. ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದವರು, ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗೆ ಇದ್ದವರು ಅರ್ಜಿ ಹಾಕಬಹುದು. ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ.

ಪ್ರಗತಿ ಮತ್ತು ಕೇಂದ್ರ ವಲಯದ ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ರಾಜ್ಯ ಸರ್ಕಾರದ ಶುಲ್ಕ ಮರುಪಾವತಿ ಮತ್ತಿತರ ವೇತನಗಳ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುವುದರಿಂದ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಅಂಕ ಬಾರದ ಮಕ್ಕಳಿಗೆ

ಪ್ರವೇಶ ಪರೀಕ್ಷೆ ಅಳೆಯುವುದು ಕೆಲವು ವಿಷಯಗಳ ಪ್ರಶ್ನೆಗೆ ನಿಗದಿತ ಹೊತ್ತಿನಲ್ಲಿ ಉತ್ತರಿಸುವ ಅಭ್ಯಾಸವನ್ನು. ಮಗುವಿನ ಶ್ರದ್ಧೆ, ನಡತೆ, ಕೈಕೆಲಸವನ್ನು ಅದು ಅಳೆಯಲಾರದು. ರ‍್ಯಾಂಕು ದೂರ ಉಳಿದರೆ ಮನೆಯಲ್ಲಿ ಬೈಗುಳ ಬೇಡ, ಪಕ್ಕದ ಮನೆಯ ಹುಡುಗನ ಹೋಲಿಕೆ ಬೇಡ. ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಸಾಲ ಮಾಡಿ ಕೊಂಡ ಸೀಟಿಗಿಂತ ಆ ದಾರಿ ಎಷ್ಟೋ ಹಗುರ. ಲಕ್ಷಗಟ್ಟಲೆ ಕೋಚಿಂಗ್ ಶುಲ್ಕವನ್ನು ಬಡ್ಡಿಗೆ ತಂದು ಕಟ್ಟುವ ಮೊದಲು ದಯವಿಟ್ಟು ಒಮ್ಮೆ ನಮ್ಮ ಬಳಿ ಬಂದು ಮಾತನಾಡಿ.

ಅರ್ಜಿದಾರರಿಗೆ ಸೂಚನೆ

ಟ್ರಸ್ಟಿಗೆ ಬರುವ ಝಕಾತ್ ಮತ್ತು ದಾನದ ಹಣ ನಮ್ಮ ಕೈಯಲ್ಲಿರುವ ಅಮಾನತ್ತು. ಅದು ಎಲ್ಲಿ ಹೆಚ್ಚು ಕೆಲಸ ಮಾಡುತ್ತದೋ ಅಲ್ಲಿ ಹಾಕುವುದು ನಮ್ಮ ಹೊಣೆ. ಆದ್ದರಿಂದ ಅರ್ಜಿಯೊಂದಿಗೆ ಈ ಕೆಳಗಿನವನ್ನು ತನ್ನಿ.

1. ಎಂಟನೇ ತರಗತಿಯವರು: ಎನ್‌ಎಂಎಂಎಸ್‌ಗೆ ಅರ್ಜಿ ಹಾಕಿರುವ ಬಗ್ಗೆ ಮುಖ್ಯ ಶಿಕ್ಷಕರ ಪತ್ರ. ಖಾಸಗಿ ಶಾಲೆಯ ಮಕ್ಕಳಿಗೆ ಇದು ಬೇಡ.

2. ದ್ವಿತೀಯ ಪಿಯುಸಿ ವಿಜ್ಞಾನದವರು: ಸಿಇಟಿ ಅರ್ಜಿಯ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಪ್ರತಿ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ, ಪರೀಕ್ಷೆ ಏಪ್ರಿಲ್‌ನಲ್ಲಿ. ಡಿಸೆಂಬರ್‌ಗೆ ಮುಂಚೆಯೇ ಪ್ರಮಾಣಪತ್ರ ಕೈಯಲ್ಲಿರಲಿ.

3. ಕಾಲೇಜು ಸೇರಿದವರು: ಸೀಟು ಹಂಚಿಕೆಯ ಪತ್ರ, ಶುಲ್ಕದ ರಸೀದಿ, ಎಸ್‌ಎಸ್‌ಪಿ ಅರ್ಜಿಯ ಪ್ರತಿ.

4. ಎಲ್ಲರೂ: ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್. ಮೂರರಲ್ಲೂ ಹೆಸರು ಒಂದೇ ಇದೆಯೇ ಎಂದು ನೋಡಿಕೊಂಡು ತನ್ನಿ. ಇಲ್ಲದಿದ್ದರೂ ಬನ್ನಿ, ತಿದ್ದಿಸುವ ದಾರಿ ಹೇಳುತ್ತೇವೆ.

ಆನ್‌ಲೈನ್ ಅರ್ಜಿ ತುಂಬಲು ತಿಳಿಯದವರು ಸೈಬರ್ ಸೆಂಟರಿನಲ್ಲಿ ಅವಸರ ಮಾಡಿ ತಪ್ಪು ತುಂಬುವುದು ಬೇಡ. ಕಾಗದಪತ್ರಗಳೊಂದಿಗೆ ಮಗುವನ್ನೂ ಕರೆದುಕೊಂಡು ಟ್ರಸ್ಟಿನ ಕಚೇರಿಗೆ ಬನ್ನಿ. ಕೂತು, ಓದಿ, ಒಟ್ಟಿಗೆ ತುಂಬೋಣ. ತಂದೆಗೆ ಬಿಡುವಿಲ್ಲದಿದ್ದರೆ ತಾಯಿ ಬರಲಿ, ಅಣ್ಣನೋ ಅಕ್ಕನೋ ಬರಲಿ. ಕೊನೆಯ ದಿನಾಂಕಕ್ಕೆ ಕಾಯದೆ ಬನ್ನಿ ಎಂಬುದೊಂದೇ ನಮ್ಮ ವಿನಂತಿ.